ಮೂವತ್ತೇಳನೇ ಮನೆ

ನಮ್ಮ ಊರಿಗೆ ಬರುವ ಕ್ಯಾಲೆಂಡರುಗಳಲ್ಲಿ ಬರೀ ತಾರೀಕುಗಳಿರುತ್ತವೆ. ಚಿತ್ರವಿರುವ ಮೇಲ್ಭಾಗವನ್ನು ಊರಬಾಗಿಲ ಚೌಕಿಯಲ್ಲೇ ಕತ್ತರಿಸಿ ತೆಗೆಯುತ್ತಾರೆ. ಬೆಂಕಿಪೊಟ್ಟಣದ ಮೇಲಿನ ಹುಲಿಯ ಮುಖಕ್ಕೆ ಅಂಗಡಿಯವನೇ ಒಂದು ಚೀಟಿ ಅಂಟಿಸಿ ಕೊಡುತ್ತಾನೆ. ಹಿಂದೊಮ್ಮೆ ಅವನು ಅಂಟಿಸಲು ಮರೆತ ವಾರ, ಒಲೆ ಹಚ್ಚಿದ ಹೆಂಗಸರೆಲ್ಲ ಗಂಡಂದಿರ ಮೇಲೆ ಹರಿಹಾಯ್ದರು. ಅದಕ್ಕೆ ಹುಲಿಯೊಂದೇ ಕಾರಣವೆಂದು ಆ ಗಂಡಂದಿರು ಇವತ್ತಿಗೂ ನಂಬಿದ್ದಾರೆ. ನಮ್ಮಲ್ಲಿ ಬಣ್ಣದಲ್ಲಿ ಬರೆದ ಮುಖವನ್ನು ಯಾರು ನೋಡಿದರೂ ಆ ಮುಖದ ಭಾವ ಅವರಿಗೆ ಅಂಟಿಕೊಳ್ಳುತ್ತದೆ, ಮುಖ ತೊಳೆಯುವ ತನಕ ಬಿಡುವುದಿಲ್ಲ. ಹಾಗಾಗಿ ಪ್ರತಿ ಮನೆಯ ಬಾಗಿಲಲ್ಲೂ ಒಂದು ಕೊಳಗ ನೀರು, ಒಂದು ಚೊಂಬು ಇರುತ್ತದೆ. ಹೆಣ್ಣು ನೋಡಲು ಬಂದವರಿಗಾಗಲಿ, ಆಸ್ತಿ ಪಾಲಿಗೆ ಕೂತವರಿಗಾಗಲಿ ಕೇಳುವ ಮೊದಲ ಮಾತು ಒಂದೇ: "ಮುಖ ತೊಳ್ಕೊಂಡ್ರಾ?"

ಇಂಥ ಊರಿನಲ್ಲಿ ಮುಖ ಬರೆಯುವುದು ನನ್ನ ಕಸುಬು. ಹೆಸರು ಚೆಲುವಯ್ಯ. ನನಗೆ ಮುಂಚೆ ನಮ್ಮಪ್ಪ ಮಾದಯ್ಯ ಇದೇ ಕೆಲಸ ಮಾಡುತ್ತಿದ್ದ. ಎಲ್ಲೆಂದರಲ್ಲಿ ಬರೆಯುವ ಹಾಗಿಲ್ಲ, ಪುರಸಭೆಯ ಅಪ್ಪಣೆ ಬೇಕು. ಹಲ್ಲು ಕೀಳುವ ಡಾಕ್ಟರ ಕುರ್ಚಿಯ ಎದುರಿಗೆ ಅರೆನಿದ್ದೆಯ ಮುಖವೊಂದಿದೆ. ಕಚೇರಿಯ ವರಾಂಡದಲ್ಲಿ ತಾಳ್ಮೆಯ ಮುದುಕನಿದ್ದಾನೆ. ಅವನನ್ನು ನೋಡುತ್ತ ಜನ ಮೂರು ಮೂರು ದಿನ ಬೆಂಚಿನ ಮೇಲೆ ಹಾಯಾಗಿ ಕೂತಿರುತ್ತಾರೆ. ಒಳಗಿರುವ ಗುಮಾಸ್ತರು ಬೇರೆ ಯಾವ ಕೆಲಸ ತಡ ಮಾಡಿದರೂ ಆ ಮುದುಕನಿಗೆ ವರ್ಷಕ್ಕೊಮ್ಮೆ ಹೊಸ ಬಣ್ಣ ಹಚ್ಚಿಸುವುದನ್ನು ತಡ ಮಾಡಿದವರಲ್ಲ. ಬರೆಯುವವನಿಗೆ ಭಾವ ಅಂಟದಿರಲು ಒಂದು ಉಪಾಯವಿದೆ. ಮುಖವನ್ನು ತಲೆಕೆಳಗಾಗಿ ಬರೆಯಬೇಕು, ಕಣ್ಣನ್ನು ಕೊನೆಗೆ ಇಡಬೇಕು. ಇದನ್ನು ಅಪ್ಪ ಹೇಳಿಕೊಟ್ಟಿದ್ದ.

ಅಪ್ಪ ಮಾಡಿದ್ದರಲ್ಲೆಲ್ಲ ದೊಡ್ಡ ಕೆಲಸವೆಂದರೆ ಶಾಲೆಯ ಮಗ್ಗಿಹಾಸು. ಹಜಾರದ ತುಂಬ ಹಾಸುವ ದಪ್ಪ ಬಟ್ಟೆ, ಅದರ ಮೇಲೆ ಒಂದರಿಂದ ನೂರರ ತನಕ ಮನೆಗಳು, ಮನೆಗೊಂದು ಮುಖ. ಟೀಚರ್ "ಆರ್ ನಾಕ್ಲ" ಎಂದು ಕೂಗಿದರೆ ಮಗು ಓಡಿಹೋಗಿ ಇಪ್ಪತ್ತನಾಲ್ಕನೇ ಮನೆಯಲ್ಲಿ ನಿಲ್ಲಬೇಕು. ಮುಖ ಬರೆಯುವ ಮುಂಚೆ ಅಪ್ಪ ಬರೀ ಅಂಕಿ ಬರೆದ ಹಾಸು ಹಾಸಿ, ಒಂದು ವರ್ಷ ಹಜಾರದ ಮೂಲೆಯಲ್ಲಿ ಕೂತು, ಯಾವ ಮಕ್ಕಳು ತಪ್ಪಿ ಎಲ್ಲೆಲ್ಲಿ ಹೋಗಿ ನಿಲ್ಲುತ್ತಾರೆ ಎಂದು ನೋಡಿದ್ದನಂತೆ. ಹತ್ತರವರೆಗಿನ ಯಾವ ಮಗ್ಗಿಯೂ ಹೋಗಿ ಮುಟ್ಟದ ಮನೆಗಳು ಕೆಲವಿವೆ. ಮೂವತ್ತೇಳು, ನಲವತ್ತೊಂದು, ಐವತ್ಮೂರು, ಹೀಗೆ. ಅಲ್ಲಿ ನಿಂತ ಮಗು ದಾರಿ ತಪ್ಪಿದೆ ಎಂದೇ ಅರ್ಥ. ಆ ಮನೆಗಳಿಗೆಲ್ಲ ಅಪ್ಪ ಅನುಮಾನದ ಮುಖಗಳನ್ನು ಬರೆದ. ಮೂವತ್ತೇಳರಲ್ಲಿ ಗಲ್ಲದ ಮೇಲೆ ಬೆರಳಿಟ್ಟುಕೊಂಡ ಅಜ್ಜಿಯೊಬ್ಬಳಿದ್ದಳು. ಅವಳ ಹತ್ತಿರ ಹೋದ ಮಗು ಹುಬ್ಬು ಗಂಟಿಕ್ಕಿ, ಬೆರಳು ಎಣಿಸಿ, ಮೆಲ್ಲಗೆ ವಾಪಸ್ಸು ಬರುತ್ತಿತ್ತು. ಸರಿಯಾದ ಮನೆಗಳಲ್ಲಿ ಉಂಡೆದ್ದವರ ನೆಮ್ಮದಿಯ ಮುಖಗಳಿದ್ದವು. ನನಗೂ ಮಗ್ಗಿ ಬಂದದ್ದು ಆ ಅಜ್ಜಿಯಿಂದಲೇ. ಅವಳು ನನ್ನನ್ನು ವಾಪಸ್ಸು ಕಳಿಸಿದ್ದಕ್ಕೆ ಲೆಕ್ಕವಿಲ್ಲ.

ಎರಡು ವರ್ಷದ ಹಿಂದೆ ಶಾಲಾ ಸಮಿತಿಯ ಅಧ್ಯಕ್ಷ ಪುಟ್ಟಲಿಂಗಯ್ಯನವರು ಪರವೂರಿನಲ್ಲಿ ಮೂರು ದಿನದ ತರಬೇತಿ ಮುಗಿಸಿ, ಬಗಲಲ್ಲಿ ಒಂದು ಕೈಪಿಡಿ ಇಟ್ಟುಕೊಂಡು ಬಂದರು. ಬಂದವರೇ ನನಗೆ ಹೇಳಿಕಳಿಸಿದರು.

"ಚೆಲುವಯ್ಯ, ಚೂಪು ಮೂಲೆ ನೋಡಿದ್ರೆ ಮಕ್ಕಳ ಮನಸ್ಸು ಮುದುಡುತ್ತಂತೆ ಕಣಯ್ಯ. ಎಲ್ಲಾ ದುಂಡಗಿರಬೇಕು. ಬಣ್ಣ ಅಂದ್ರೆ ಹಳದಿ, ಕಿತ್ತಳೆ. ಮುಖ ಅಂದ್ರೆ ನಗುಮುಖ. ಮಗು ಖುಷಿಯಾಗಿದ್ರೆ ವಿದ್ಯೆ ತಾನಾಗೇ ಒಳಗೆ ಹೋಗುತ್ತೆ."

"ನೂರಕ್ಕೆ ನೂರೂ ನಗುಮುಖನಾ ಸಾರ್?"

"ಯಾಕೆ, ನಿಂಗೆ ನಗು ಬರೆಯೋಕೆ ಬರಲ್ವಾ?"

"ಬರುತ್ತೆ ಸಾರ್. ಮೂವತ್ತೇಳರಲ್ಲಿ ಒಬ್ಬಳು ಅಜ್ಜಿ ಇದಾಳೆ, ಅಪ್ಪ ಬರೆದಿದ್ದು..."

"ಅವಳನ್ನ ನೋಡಿದ್ರೆ ನಂಗೇ ಏನೋ ಅನುಮಾನ ಬರುತ್ತೆ. ಮೊದಲು ಅವಳನ್ನ ತೆಗಿ."

ಬಾಯಿ ಎಷ್ಟಗಲ ಇರಬೇಕೆಂದು ಅವರು ತಮ್ಮ ಬೆರಳಲ್ಲೇ ಅಳೆದು ತೋರಿಸಿದರು. ನಾನು ಸೀಮೆಎಣ್ಣೆ ಬಟ್ಟೆಯಿಂದ ಅಜ್ಜಿಯನ್ನು ಒರೆಸಿದೆ. ಮನಸ್ಸಿಲ್ಲದೆ ಒರೆಸಿದೆ ಎಂದು ಈಗ ಹೇಳಿಕೊಳ್ಳಬಹುದು, ಆದರೆ ನಿಜ ಬೇರೆ. ಅಪ್ಪನ ಹಾಸಿನ ಮೇಲೆ ನನ್ನ ಕೈ ಓಡಾಡುತ್ತಿದೆ ಎಂಬ ಹಿಗ್ಗಿನಲ್ಲಿದ್ದೆ. ನೂರು ನಗು ಬರೆದು ಮುಗಿಸಿದ ದಿನ ಪುಟ್ಟಲಿಂಗಯ್ಯನವರು ನನಗೆ ಶಾಲು ಹೊದಿಸಿದರು. ನಾನು ಅದನ್ನು ಹೊದ್ದುಕೊಂಡೇ ಪೇಟೆ ಸುತ್ತಿ ಮನೆಗೆ ಬಂದೆ.

ಶಾಲೆಯಲ್ಲಿ ಸುಗ್ಗಿಯೋ ಸುಗ್ಗಿ. ಗಂಟೆ ಹೊಡೆದರೂ ಮಕ್ಕಳು ಹಾಸು ಬಿಟ್ಟು ಏಳುತ್ತಿರಲಿಲ್ಲ. ಜಲಜಾಕ್ಷಿ ಟೀಚರ್ ಅಂಕಪಟ್ಟಿಯ ಬದಲಿಗೆ ಸಂತೋಷದ ಪುಸ್ತಕವೊಂದನ್ನು ಇಟ್ಟರು. ಅಕ್ಕಪಕ್ಕದ ಊರಿನವರು ಬಂದು ಬಾಗಿಲಲ್ಲಿ ನಿಂತು ನೋಡಿ, ನಗುನಗುತ್ತ ಬಸ್ಸು ಹತ್ತಿ ಹೋದರು. ನನ್ನ ಅಕ್ಕ ದೇವೀರಮ್ಮನ ಮಗಳು ಹೊನ್ನಿ ಆಗ ಎರಡನೇ ಕ್ಲಾಸು. ಅಕ್ಕ, ಹೊನ್ನಿ, ನಮ್ಮವ್ವ, ನಾನು, ಎಲ್ಲ ಒಂದೇ ಮನೆ. ಹೊನ್ನಿ ಮೂರನೇ ಕ್ಲಾಸು ದಾಟಿ ನಾಲ್ಕಕ್ಕೆ ಬಂದರೂ ಅವಳ ಪುಟದಲ್ಲಿ ಸಂತೋಷ ನೂರಕ್ಕೆ ನೂರು. ಅಕ್ಕ ಬಟ್ಟೆ ಹೊಲಿಯಲು ಬಂದವರಿಗೆಲ್ಲ ಆ ಪುಟ ತೋರಿಸುತ್ತಿದ್ದಳು.

ಒಂದು ದಿನ ಹಾಸಿನ ಅಂಚು ಕಿತ್ತಿದೆ ಎಂದು ಸರಿಮಾಡಲು ಹೋಗಿದ್ದೆ. "ಏಳ್ ಮೂರ್ಲ!" ಎಂದು ಜಲಜಾಕ್ಷಿ ಟೀಚರ್ ಕೂಗಿದರು. ಹೊನ್ನಿ ಓಡಿದವಳೇ ಮೂವತ್ತೇಳರಲ್ಲಿ ನಿಂತು ಎರಡೂ ಕೈ ಮೇಲೆತ್ತಿದಳು. ಕಾಲ ಕೆಳಗೆ ನಾನು ಬರೆದ ನಗು, ಮುಖದ ಮೇಲೂ ಅದೇ ನಗು. "ಭೇಷ್!" ಎಂದರು ಟೀಚರ್.

"ಅಲ್ಲಿಗೆ ಯಾಕೇ ಹೋದೆ?" ಎಂದು ಕೇಳಿದೆ.

"ಮೂವತ್ತೇಳರಲ್ಲಿ ಮೂರೂ ಇದೆ, ಏಳೂ ಇದೆ ಮಾವ. ಇನ್ನೇನು ಬೇಕು?"

ಇಪ್ಪತ್ತೊಂದು ಎಂದು ಹೇಳಬೇಕಿತ್ತು. ಆದರೆ ಅಂಚು ಹೊಲಿಯುತ್ತ ಒಂದು ಗಂಟೆ ಹಾಸನ್ನು ನೆಟ್ಟಗೆ ನೋಡಿದ್ದೆನಲ್ಲ, ನನಗೂ ಅದು ಭಾರಿ ಜಾಣತನದ ಮಾತಾಗಿ ಕಂಡಿತು. ನಕ್ಕು ಅವಳ ಕೆನ್ನೆ ಹಿಂಡಿ ಬಂದೆ. ಮನೆಗೆ ಬಂದು ಮುಖ ತೊಳೆದಾಗ ಏನೋ ಮರೆತೆನಲ್ಲ ಎನ್ನಿಸಿತು. ಅಷ್ಟರಲ್ಲಿ ಅವ್ವ ಕಾಫಿ ಎಂದಳು, ಮಾತು ಅಲ್ಲಿಗೇ ನಿಂತಿತು.

ಅವ್ವನಿಗೆ ಎದೆ ಸ್ವಲ್ಪ ದುರ್ಬಲ. ಡಾಕ್ಟರು ಒಂದು ಸೀಸೆ ಔಷಧಿ ಕೊಟ್ಟಿದ್ದರು. ಒಂದು ಚಮಚ ನೀರಿಗೆ ಏಳು ಹನಿ, ಮೂರು ಚಮಚ ನೀರಿನಲ್ಲಿ ಬೆರೆಸಿ ಮಧ್ಯಾಹ್ನ ಕುಡಿಸಬೇಕು. ದಿನವೂ ಅಕ್ಕನೇ ಕೊಡುತ್ತಿದ್ದಳು. ಒಂದು ಶನಿವಾರ ಮದುವೆಮನೆಯ ರವಿಕೆ ಕೊಟ್ಟು ಬರಲು ಹೋದವಳು, ದಾರಿಯಲ್ಲಿ ಶಾಲೆಯಿಂದ ಬರುತ್ತಿದ್ದ ಹೊನ್ನಿ ಸಿಕ್ಕಾಗ, "ಅಜ್ಜಿಗೆ ಔಷಧಿ ಕೊಟ್ಟಿರು. ಚಮಚಕ್ಕೆ ಏಳರ ಹಾಗೆ ಮೂರು ಚಮಚಕ್ಕೆ ಲೆಕ್ಕ ಹಾಕು, ಗೊತ್ತಲ್ಲ?" ಎಂದಿದ್ದಳು. ಹೊನ್ನಿಗೆ ಗೊತ್ತೇ ಇತ್ತು. ಕುಣಿಯುತ್ತ ಬಂದವಳು ಮುಖ ತೊಳೆಯುವುದನ್ನು ಮರೆತು ನೇರ ಸೀಸೆಗೆ ಕೈ ಹಾಕಿದಳು.

ನಾನೂ ಅಕ್ಕನೂ ಬಾಗಿಲಲ್ಲಿ ಒಟ್ಟಿಗೇ ಬಂದು ನಿಂತೆವು. ಅವ್ವ ಗೋಡೆಗೆ ಒರಗಿದ್ದಳು. ಮೈಯೆಲ್ಲ ಬೆವರು, ಕಣ್ಣು ಅರ್ಧ ಮುಚ್ಚಿತ್ತು. ಎದುರಿಗೆ ಹೊನ್ನಿ ಸೀಸೆ ಹಿಡಿದು ನಗುತ್ತ ನಿಂತಿದ್ದಳು.

"ಏನಾಯ್ತೇ?" ಎಂದಳು ಅಕ್ಕ.

"ಔಷಧಿ ಕೊಟ್ಟೆ ಅಮ್ಮ. ಏಳ್ ಮೂರ್ಲ ಮೂವತ್ತೇಳು ಹನಿ. ಆಮೇಲೆ ಅಜ್ಜಿ ಮಾತಾಡ್ತಿಲ್ಲ."

ಮಾತಾಡ್ತಿಲ್ಲ ಎಂಬುದನ್ನೂ ಅವಳು ಅದೇ ನಗುವಿನಲ್ಲೇ ಹೇಳಿದಳು. ಅಕ್ಕ ಹೊಡೆಯಲು ಕೈ ಎತ್ತಿದಳು. ಎತ್ತಿದ ಕೈಯನ್ನು ಹಾಗೇ ಕೆಳಗಿಳಿಸಿ, ಬಾಗಿಲಿನ ಚೊಂಬು ತೆಗೆದು ಮಗಳ ಮುಖಕ್ಕೆ ನೀರು ಎರಚಿದಳು. ನೀರು ಇಳಿಯುತ್ತಿದ್ದ ಹಾಗೆ ನಗುವೂ ಇಳಿಯಿತು. ಅದರಡಿಯಲ್ಲಿ ಅಷ್ಟು ಹೊತ್ತು ಕೂಡಿಹಾಕಿದ್ದ ಚೀರಾಟ ಒಮ್ಮೆಗೇ ಹೊರಗೆ ಬಂತು. ಡಾಕ್ಟರ ಮನೆಯ ತನಕ ನಾನು ಚಪ್ಪಲಿಯಿಲ್ಲದೆ ಓಡಿದೆ, ಬೀದಿಯ ತುದಿಗೂ ಆ ಚೀರಾಟ ಕೇಳಿಸುತ್ತಿತ್ತು.

ಅವ್ವ ಉಳಿದಳು. ಮಾರನೆಯ ದಿನ ಗಂಜಿ ಕುಡಿದು ನನ್ನ ಕೈ ಹಿಡಿದುಕೊಂಡು ಹೇಳಿದಳು: "ನಾಲಿಗೆಗೆ ಮುಟ್ಟಿಸ್ದಾಗಲೇ ಕಹಿ ಜಾಸ್ತಿ ಅನ್ನಿಸ್ತು ಕಣೋ. ಲೋಟ ಹಿಡ್ಕೊಂಡು ಒಂದು ಗಳಿಗೆ ನೋಡ್ದೆ. ಆದ್ರೆ ಮಗು ಅಷ್ಟು ಚೆನ್ನಾಗಿ ನಗ್ತಿತ್ತಲ್ಲ, ಸರಿಯಾಗೇ ಇರುತ್ತೆ ಅಂತ ಕುಡಿದ್ಬಿಟ್ಟೆ."

ಆ ನಗು ಹೊನ್ನಿಯದಲ್ಲ, ನನ್ನದು. ಪುಟ್ಟಲಿಂಗಯ್ಯನವರ ಬೆರಳಿನ ಅಳತೆಗೆ ಒಂದು ಎಳೆಯೂ ಹೆಚ್ಚುಕಡಿಮೆಯಾಗದ ಹಾಗೆ ನಾನೇ ಬರೆದದ್ದು.

ಹೊನ್ನಿ ಎರಡು ದಿನ ಮೂಲೆ ಬಿಟ್ಟು ಏಳಲಿಲ್ಲ. ಸೀಸೆ ಇದ್ದ ಗೂಡಿನ ಕಡೆ ತಲೆ ಎತ್ತಿಯೂ ನೋಡಲಿಲ್ಲ. ನಾನು ಪಕ್ಕದಲ್ಲಿ ಕೂತು ಏಳು, ಹದಿನಾಲ್ಕು, ಇಪ್ಪತ್ತೊಂದು ಎಂದು ಹುಣಿಸೆಬೀಜ ಇಟ್ಟು ತೋರಿಸಿದೆ. ಅವಳು ಬಿಕ್ಕುತ್ತಲೇ ಕಲಿತಳು. ಇನ್ನು ಈ ಜನ್ಮದಲ್ಲಿ ಮರೆಯುವುದಿಲ್ಲ ಎಂದುಕೊಂಡು ಮೂರನೇ ದಿನ ಶಾಲೆಗೆ ಕಳಿಸಿ, ನಾನೂ ಹಿಂದೆಯೇ ಹೋಗಿ ಬಾಗಿಲ ಸಂದಿಯಲ್ಲಿ ನಿಂತೆ. ಹಾಸಿನ ಕಡೆ ನೋಡದೆ ಅವಳೊಬ್ಬಳನ್ನೇ ನೋಡಿದೆ. "ಏಳ್ ಮೂರ್ಲ!" ಎಂದರು ಟೀಚರ್. ಹೊನ್ನಿ ನಗುತ್ತ ಓಡಿ ಮೂವತ್ತೇಳರಲ್ಲಿ ನಿಂತಳು. ಅಷ್ಟು ಅತ್ತು ಸಂಪಾದಿಸಿದ್ದು ಒಂದು ಕ್ಷಣದಲ್ಲಿ ಹೋಗಿಬಿಟ್ಟಿತ್ತು. ನನಗೆ ಅಲ್ಲೇ ಅಳು ಬಂತು.

"ಅವಳಿಗೆ ತಪ್ಪು ಅಂತ ಒಂದು ಮಾತು ಹೇಳಿ ಟೀಚರ್," ಎಂದು ಆಮೇಲೆ ಬೇಡಿಕೊಂಡೆ.

"ತಪ್ಪು ಅನ್ನೋ ಮಾತು ಕೈಪಿಡಿಯಲ್ಲಿ ಇಲ್ಲ ಚೆಲುವಯ್ಯ," ಎಂದರು ಜಲಜಾಕ್ಷಿ ಟೀಚರ್. "ಬೆಳಗ್ಗೆ ಮನೆ ಬಿಡುವಾಗ ನಂಗೂ ಹೇಳ್ಬೇಕು ಅಂತಲೇ ಇರುತ್ತೆ. ಹಾಸಿನ ಹತ್ರ ಬಂದು ನಿಂತ್ರೆ ಏನೂ ಅನ್ಸೋದೇ ಇಲ್ಲ." ಇದನ್ನೂ ಅವರು ನಗುತ್ತಲೇ ಹೇಳಿದರು.

ಭಾನುವಾರ ಶಾಲೆಯ ಬೀಗದ ಕೈ ಇಸಿದುಕೊಂಡು ಹೋದೆ. ಅಂಚು ಮತ್ತೆ ಕಿತ್ತಿದೆ ಎಂದು ಸುಳ್ಳು ಹೇಳಿದ್ದೆ. ಮೂವತ್ತೇಳನೇ ಮನೆಯ ನಗುವನ್ನು ಒರೆಸಿ, ಮುಖ ತಲೆಕೆಳಗಾಗಿ ಕಾಣುವ ಹಾಗೆ ಕೂತು, ಲೋಟ ಹಿಡಿದು ಒಂದು ಗಳಿಗೆ ನೋಡುತ್ತಿರುವ ಅವ್ವನ ಮುಖ ಬರೆದೆ. ಕುಡಿಯಲೋ ಬೇಡವೋ ಎನ್ನುವ ಮುಖ. ಅಪ್ಪನ ಅಜ್ಜಿಯಷ್ಟು ಚೆಂದ ಬರಲಿಲ್ಲ. ಆದರೆ ಕಣ್ಣು ಇಟ್ಟ ಮೇಲೆ ಒಂದು ಸಲ ನೆಟ್ಟಗೆ ನೋಡಿದಾಗ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದೇನೋ ಇಲ್ಲವೋ ಎಂದು ಮೂರು ಸಲ ಎದ್ದು ಹೋಗಿ ನೋಡಿಬಂದೆ. ಅಷ್ಟಾದರೆ ಸಾಕಿತ್ತು.

ಸೋಮವಾರ ಹೊನ್ನಿ ಮೂವತ್ತೇಳಕ್ಕೆ ಓಡಿದಳು, ನಿಂತಳು, ಕೈ ಎತ್ತಲು ಹೋದವಳು ಎತ್ತಲಿಲ್ಲ. ಉಗುರು ಕಚ್ಚಿದಳು. ತುಟಿಯಲ್ಲೇ ಏಳು, ಹದಿನಾಲ್ಕು ಎಂದು ಎಣಿಸುತ್ತ ಹಿಂದಕ್ಕೆ ನಡೆದುಬಂದು ಇಪ್ಪತ್ತೊಂದರಲ್ಲಿ ನಿಂತಳು. ಎರಡು ವರ್ಷದಿಂದ ಆ ಹಾಸಿನ ಮೇಲೆ ಹಿಂದಕ್ಕೆ ನಡೆದ ಮೊದಲ ಮಗು ಅವಳು. ನನಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಗುಟ್ಟು ಒಂದೇ ವಾರ ಉಳಿಯಿತು. ಸಂತೋಷದ ಪುಸ್ತಕದಲ್ಲಿ ಹೊನ್ನಿಯ ಸಂತೋಷ ತೊಂಬತ್ತೊಂಬತ್ತಕ್ಕೆ ಇಳಿದಿದೆ ಎಂದು ಪುಟ್ಟಲಿಂಗಯ್ಯನವರು ತನಿಖೆಗೆ ಬಂದರು. ಕೋಲು ಊರಿಕೊಂಡು ಹಾಸಿನ ಮೇಲೆ ಮನೆಮನೆಯಾಗಿ ನಡೆದು, ಮೂವತ್ತೇಳರಲ್ಲಿ ನಿಂತರು. ಬಯ್ಯಲು ತೆರೆದ ಬಾಯಿ ತೆರೆದೇ ಇತ್ತು. ಹುಬ್ಬು ಗಂಟಿಕ್ಕಿ ಮೆಲ್ಲಗೆ ಕೇಳಿದರು:

"ಚೆಲುವಯ್ಯ, ನಮ್ಮ ಮಕ್ಕಳಿಗೆ ಮಗ್ಗಿ ಬರುತ್ತೇನಯ್ಯಾ?"

ಮಕ್ಕಳನ್ನು ಅಂಗಳಕ್ಕೆ ಕರೆದು, ಸಾಲಾಗಿ ಮುಖ ತೊಳೆಸಿ ಕೇಳಿದರು. ಒಬ್ಬರಿಗೂ ಬರುತ್ತಿರಲಿಲ್ಲ, ಏಳರ ಮಗ್ಗಿ ಮೂರರ ತನಕ ಬರುತ್ತಿದ್ದ ಹೊನ್ನಿಯೊಬ್ಬಳನ್ನು ಬಿಟ್ಟು. ಅಧ್ಯಕ್ಷರು ಆಗಿಂದಾಗಲೇ ಸಮಿತಿಯ ಸಭೆ ಕರೆದರು. ಐದು ಜನ ಸದಸ್ಯರನ್ನೂ ಸರದಿಯಲ್ಲಿ ಮೂವತ್ತೇಳರಲ್ಲಿ ನಿಲ್ಲಿಸಿದರು. ನಿರ್ಣಯ ಆಗುವ ತನಕ ಯಾರೂ ಮುಖ ತೊಳೆಯಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಸಭೆ ಸಂಜೆಯ ತನಕ ನಡೆಯಿತು. ಇದು ಶಾಲೆ ಹೌದೋ ಅಲ್ಲವೋ ಎಂಬ ಪ್ರಶ್ನೆಗೇ ಒಂದು ಗಂಟೆ ಹಿಡಿಯಿತು. ಕೊನೆಗೆ ನಿರ್ಣಯವಾಯಿತು: ಒಂದೇ ಮುಖ ಇಷ್ಟು ವಿದ್ಯೆ ಕಲಿಸುವುದಾದರೆ ನೂರು ಮುಖ ನೂರರಷ್ಟು ಕಲಿಸುತ್ತದೆ, ಆದ್ದರಿಂದ ಹದಿನೈದು ದಿನದೊಳಗೆ ನೂರು ಮನೆಗೂ ಅನುಮಾನದ ಮುಖವನ್ನೇ ಬರೆಯತಕ್ಕದ್ದು. ಸಹಿ ಹಾಕಿದ ಮೇಲೆ ಅಧ್ಯಕ್ಷರು ಕಾಗದವನ್ನು ಕಣ್ಣ ಹತ್ತಿರ ಹಿಡಿದು, "ಇದು ನನ್ನ ಸಹಿನೇ ತಾನೇ?" ಎಂದು ಎರಡು ಸಲ ಕೇಳಿದರು. ಆಮೇಲೆ ಎಲ್ಲರೂ ಮುಖ ತೊಳೆದುಕೊಂಡು ನಿಶ್ಚಿಂತೆಯಾಗಿ ಮನೆಗೆ ಹೋದರು. ನಿರ್ಣಯ ಮಾತ್ರ ಪುಸ್ತಕದಲ್ಲಿ ಉಳಿಯಿತು.

ಹಾಸನ್ನು ಸುರುಳಿ ಸುತ್ತಿ ಮನೆಯ ಜಗಲಿಗೆ ತಂದೆ. ನೂರು ಮನೆಯ ಬಣ್ಣ ಒರೆಸಿದೆ, ಅವ್ವನದೂ ಸೇರಿ. ಆದರೆ ಕೈ ಮುಂದಕ್ಕೆ ಹೋಗಲಿಲ್ಲ. ಹೊನ್ನಿ ಇಪ್ಪತ್ತೊಂದರಲ್ಲಿ ನಿಂತಾಗಲೂ ಅನುಮಾನವಾದರೆ ಅವಳು ಎಲ್ಲಿಗೆ ಹೋಗಬೇಕು? ಸೀಸೆ ಹಿಡಿದು ಹನಿ ಹಾಕದೆ ನಿಂತೇ ಇರುತ್ತಾಳೆ. ಇದನ್ನು ಅಕ್ಕನ ಹತ್ತಿರ ಹೇಳಿದೆ. ಅವಳು ಹೊಲಿಗೆ ಮಷಿನಿನ ಮುಂದೆ ಗೋಡೆ ಕಡೆಗೆ ಮುಖ ಮಾಡಿ ಕೂತು ಹೊಲಿಯುತ್ತಿದ್ದಳು.

"ನನ್ನನ್ಯಾಕೆ ಕೇಳ್ತೀಯೋ? ನಿನ್ನ ನಗುನೂ ಸಾಕು, ನಿನ್ನ ಅನುಮಾನನೂ ಸಾಕು," ಎಂದಳು, ತಿರುಗಿ ನೋಡದೆ.

ಬಯ್ಯುತ್ತಿದ್ದಾಳೋ ಅಳುತ್ತಿದ್ದಾಳೋ ಹಿಂದಿನಿಂದ ತಿಳಿಯಲಿಲ್ಲ. ತುರುಬು, ತುರುಬಿಗೆ ಸಿಕ್ಕಿಸಿದ ದಾರದ ಸೂಜಿ, ಬೆನ್ನು, ಅಷ್ಟೇ ಕಾಣುತ್ತಿತ್ತು. ನಾನು ಬಹಳ ಹೊತ್ತು ಆ ಬೆನ್ನನ್ನೇ ನೋಡುತ್ತ ಕೂತೆ. ನನಗೆ ಯಾವ ಭಾವವೂ ಅಂಟಲಿಲ್ಲ. ಇದ್ದದ್ದು ನನ್ನದೇ ನಾಚಿಕೆ, ಅದನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಆಗ ಬ್ರಷ್ಷು ಕೈಗೆತ್ತಿಕೊಂಡೆ.

ಹದಿನೈದನೇ ದಿನ ಹಜಾರದಲ್ಲಿ ಹಾಸು ಬಿಚ್ಚಿದಾಗ ಪುಟ್ಟಲಿಂಗಯ್ಯನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನೂರು ಮನೆಯಲ್ಲೂ ಆ ಕಡೆ ತಿರುಗಿ ಕೂತವರೇ. ಜಡೆ, ತುರುಬು, ಬೋಳುತಲೆ, ರುಮಾಲು, ಮಗುವಿನ ಎಣ್ಣೆ ಹಚ್ಚಿದ ತಲೆ. ಒಂದು ಮುಖವೂ ಇರಲಿಲ್ಲ.

"ಏನಯ್ಯಾ ಇದು? ಇವರೆಲ್ಲ ಅನುಮಾನ ಪಡ್ತಿದಾರೋ, ನಗ್ತಿದಾರೋ?"

"ಹಾಸಿನ ಮೇಲೆ ನಿಂತೋರನ್ನ ಕೇಳಿ ಸಾರ್," ಎಂದೆ.

ಅವರು ಏನು ಹೇಳುತ್ತಿದ್ದರೋ, ಅಷ್ಟರಲ್ಲಿ ಜಲಜಾಕ್ಷಿ ಟೀಚರ್ "ಏಳ್ ಎಂಟ್ಲ!" ಎಂದು ಕೂಗಿಬಿಟ್ಟರು. ಸರದಿ ಹೊನ್ನಿಯದು. ಅವಳು ಓಡಿ ಐವತ್ನಾಲ್ಕರಲ್ಲಿ ನಿಂತಳು. ಅಲ್ಲಿ ಇದ್ದದ್ದು ಹೊಲಿಗೆ ಮಷಿನಿನ ಮುಂದೆ ಕೂತ ಹೆಂಗಸಿನ ಬೆನ್ನು, ತುರುಬಿನಲ್ಲಿ ಸೂಜಿ. ಹೊನ್ನಿ ಬಗ್ಗಿ ನೋಡಿದಳು. ಆ ಹೆಂಗಸು ಹೇಗೆ ಮುಖ ಮಾಡಿಕೊಂಡಿದ್ದಾಳೆಂದು ತಿಳಿಯಲು ಹಾಸಿನ ಅಂಚಿಗೆ ಹೋಗಿ ಅದನ್ನು ಮೇಲೆತ್ತಿ, ಕೆಳಗೆ ಇಣುಕಿದಳು. ಬರೀ ಬಟ್ಟೆ ಇತ್ತು. ವಾಪಸ್ಸು ಬಂದು ನಿಂತಳು. ಅವಳ ಹುಬ್ಬು ತಾನಾಗೇ ಮೆಲ್ಲಗೆ ಗಂಟಿಕ್ಕಿತು.

"ತಾಳಿ ಟೀಚರ್, ತಪ್ಪಾಗಿದೆ," ಎಂದು ಬೆರಳು ಎಣಿಸತೊಡಗಿದಳು. ಐವತ್ತಾರಕ್ಕೆ ಹೋಗಿ ನಿಂತಾಗ ಅವಳು ಮುಗುಳ್ನಕ್ಕಳು. ಬಾಯಿ ಒಂದು ಕಡೆಗೆ ಸ್ವಲ್ಪ ಸೊಟ್ಟ. ಕೈಪಿಡಿಯ ಅಳತೆಗೆ ಯಾವ ರೀತಿಯಲ್ಲೂ ಹೊಂದುವ ನಗುವಲ್ಲ.

ಪುಟ್ಟಲಿಂಗಯ್ಯನವರು ಆ ಬಗ್ಗೆ ಇನ್ನೊಂದು ತರಬೇತಿಗೆ ಹೋಗಿ ಬಂದು ನಿರ್ಧರಿಸುವುದಾಗಿ ಹೇಳಿದರು. ಇನ್ನೂ ಹೋಗಿಲ್ಲ.

ಹಾಸು ಬಿಚ್ಚಿದ ದಿನ ಮಧ್ಯಾಹ್ನ ಊಟವಾದ ಮೇಲೆ ಅವ್ವ, "ಹೊನ್ನೀ, ನನ್ನ ಔಷಧಿ," ಎಂದಳು. ಅಕ್ಕ ಏಳಲು ಹೋದಳು, ಅವ್ವ ಕೈ ಸನ್ನೆಯಲ್ಲೇ ಕೂರಿಸಿದಳು. ಹೊನ್ನಿ ಗೂಡಿನಿಂದ ಸೀಸೆ ತೆಗೆದಳು. ಲೋಟಕ್ಕೆ ಮೂರು ಚಮಚ ನೀರು ಹಾಕಿದಳು. ಒಂದು, ಎರಡು ಎಂದು ಕೇಳಿಸುವ ಹಾಗೆ ಹನಿ ಎಣಿಸಿದಳು. ಇಪ್ಪತ್ತೊಂದಕ್ಕೆ ಕೈ ನಿಂತಿತು. ಸರಿಯೋ ತಪ್ಪೋ ತಿಳಿಯಲು ತಲೆ ಎತ್ತಿ ನನ್ನ ಮುಖ ನೋಡಿದಳು.

ಹೌದು ಎಂದು ನಕ್ಕುಬಿಡಬೇಕೆಂದು ಜೀವ ಹಾತೊರೆಯುತ್ತಿತ್ತು. ನಾನು ಗೋಡೆ ಕಡೆಗೆ ತಿರುಗಿ ಕೂತೆ. ಹಿಂದಿನಿಂದ ಏಳು, ಹದಿನಾಲ್ಕು, ಇಪ್ಪತ್ತೊಂದು ಎಂಬ ಪಿಸುಮಾತು ಬಂತು. ಆಮೇಲೆ ಸೀಸೆಯ ಬಿರಡೆ ಒತ್ತಿದ ಸದ್ದು ಕೇಳಿಸಿತು.

"ತಗೋ ಅಜ್ಜಿ," ಎಂದಳು ಹೊನ್ನಿ.